ಕೊಡು ಎಂದರೆ ಕೊಡದ ವಯಸ್ಸು

ನಮ್ಮ ಕಲಬುರಗಿ ಕಡೆಯ ಮನೆಗಳಲ್ಲಿ ವರ್ಷ ತುಂಬಿದ ಕೂಸಿನ ಕೈಗೆ ಬಿಸ್ಕತ್ತು ಬಂದಿತೆಂದರೆ, ಸುತ್ತ ಕುಳಿತ ಹಿರಿಯರಲ್ಲಿ ಯಾರಾದರೊಬ್ಬರು ಅಂಗೈ ಚಾಚಿ "ನಂಗೊಂದು ತುಣುಕು ಕೊಡ್ತಿಯೇನಪಾ?" ಎಂದು ಕೇಳದೆ ಇರುವುದಿಲ್ಲ. ಕೂಸು ಒಂದು ಗಳಿಗೆ ಕೇಳಿದವರ ಮುಖ ನೋಡುತ್ತದೆ, ಕೈಯಲ್ಲಿರುವ ಬಿಸ್ಕತ್ತು ನೋಡುತ್ತದೆ, ಆಮೇಲೆ ಜೊಲ್ಲಿನಲ್ಲಿ ನೆನೆದ ಅದನ್ನು ಹಾಗೆಯೇ ಅವರ ಬಾಯಿಯ ತನಕ ಒಯ್ಯುತ್ತದೆ. ಅವರು ತಿಂದಂತೆ ಮಾಡಿ, "ಭಾಳ ಚೊಲೊ ಅದ" ಎಂದು ತಲೆದೂಗಿ, ಬಿಸ್ಕತ್ತನ್ನು ಮತ್ತೆ ಕೂಸಿನ ಕೈಗೇ ಕೊಡುತ್ತಾರೆ. ಮನೆಮಂದಿಯೆಲ್ಲ ನಗುತ್ತಾರೆ, ಆಟ ಮೊದಲಿನಿಂದ ಶುರುವಾಗುತ್ತದೆ. ಅದೇ ಕೂಸಿಗೆ ಎರಡು ವರ್ಷ ತುಂಬಿದ ಮೇಲೆ ಅದೇ ಅಂಗೈ ಚಾಚಿದರೆ ಬಿಸ್ಕತ್ತು ಬೆನ್ನ ಹಿಂದೆ ಅಡಗುತ್ತದೆ, "ಕೊಡಲ್ಲ, ನಂದು" ಎಂಬ ಉತ್ತರ ಬರುತ್ತದೆ. "ಮೊದ್ಲ ಹಿಂಗಿರಲಿಲ್ಲ, ಈಗ ಜುಗ್ಗ ಆಗ್ಯಾನ" ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ನನ್ನ ಮಗಳು, ಮೈದುನನ ಮಗ, ಬೇಸಿಗೆ ರಜೆಗೆ ಆಳಂದದಿಂದ ಬರುವ ನಾದಿನಿಯ ಮಕ್ಕಳು ಒಂದೇ ಪಡಸಾಲೆಯಲ್ಲಿ ಆಡುವುದನ್ನು ನೋಡುತ್ತ, ಜೊತೆಗೆ ಈ ವಿಷಯದಲ್ಲಿ ನಡೆದಿರುವ ಅಧ್ಯಯನಗಳನ್ನು ಓದುತ್ತ ಹೋದಂತೆ, ಈ ತೀರ್ಪು ಮಗುವಿಗೆ ಅನ್ಯಾಯ ಮಾಡುತ್ತದೆ ಎಂಬುದು ನನಗೆ ಮನದಟ್ಟಾಗಿದೆ.

ಕೊಡುವುದು ಕಲಿಸಿದ ಮೇಲೆ ಬರುವ ಗುಣವೆಂದು ನಾವು ತಿಳಿದಿರುತ್ತೇವೆ. ಆದರೆ ಅದು ಕಲಿಸುವ ಮೊದಲೇ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಹ್ಯಾರಿಯೆಟ್ ರೈನ್‌ಗೋಲ್ಡ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೂಕಾಲು, ಒಂದೂವರೆ ವರ್ಷದ ಮಕ್ಕಳು ತಮ್ಮ ಕೈಯಲ್ಲಿದ್ದ ಆಟಿಕೆಗಳನ್ನು ತಂದೆತಾಯಿಗೆ ಮಾತ್ರವಲ್ಲ, ಪರಿಚಯವಿಲ್ಲದವರಿಗೂ ತೋರಿಸುವುದು, ಕೈಗಿಡುವುದು ಸಾಮಾನ್ಯವೆಂದು ಕಂಡುಬಂದಿತು. ಹಾಗಿದ್ದರೆ ಎರಡನೆಯ ವರ್ಷದ ಸುಮಾರಿಗೆ ಈ ಧಾರಾಳತನ ಎಲ್ಲಿ ಹೋಗುತ್ತದೆ? ನನ್ನ ಅನಿಸಿಕೆಯಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ. ವರ್ಷದ ಕೂಸಿಗೆ ಕೊಡುವುದು ಒಂದು ಆಟ, ಏಕೆಂದರೆ ಕೊಟ್ಟದ್ದು ಮರುಕ್ಷಣವೇ ಹಿಂದಿರುಗಿ ಬರುತ್ತದೆ, ಕಳೆದುಕೊಳ್ಳುವ ಮಾತೇ ಅಲ್ಲಿಲ್ಲ. ಎರಡು ವರ್ಷದ ಮಗುವಿಗೆ ತಾನು ಬೇರೆ, ಇತರರು ಬೇರೆ, ಕೆಲವು ವಸ್ತುಗಳು ತನ್ನವು ಎಂಬ ಅರಿವು ಹುಟ್ಟಿರುತ್ತದೆ. ಲಾರಾ ಲೆವಿನ್ ಎಂಬವರು 1983ರಲ್ಲಿ ಎರಡು ವರ್ಷದ ಹುಡುಗರನ್ನು ಗಮನಿಸಿದಾಗ, ತನ್ನತನದ ಅರಿವು ಹೆಚ್ಚಾಗಿದ್ದ ಮಕ್ಕಳೇ ಆಟಿಕೆಯ ಮೇಲೆ ಹೆಚ್ಚು ಹಕ್ಕು ಸಾಧಿಸುತ್ತಿದ್ದರು. "ನಂದು" ಎಂಬ ಆ ಕೂಗನ್ನು ಸ್ವಾರ್ಥದ ಮೊಳಕೆಯೆಂದು ಬಗೆಯುವ ಬದಲು ಬೆಳವಣಿಗೆಯ ಒಂದು ಮೆಟ್ಟಿಲೆಂದು ನೋಡಬೇಕಾಗುತ್ತದೆ. ತನ್ನದು ಎಂಬುದು ಗೊತ್ತಿಲ್ಲದವನಿಗೆ ಕೊಡುವುದು ಎಂದರೇನೆಂಬುದೂ ಗೊತ್ತಿರಲು ಸಾಧ್ಯವಿಲ್ಲ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಹಂಚಿಕೊಳ್ಳುವುದು ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಮೂರು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಉಂಡಿಯನ್ನು ಮುರಿದು ಅರ್ಧ ಕೊಡುವುದು ಒಂದು, ಸೈಕಲ್ಲನ್ನು ಒಂದು ಸುತ್ತು ಹೊಡೆಯಲು ಕೊಟ್ಟು ಮರಳಿ ಪಡೆಯುವುದು ಇನ್ನೊಂದು, ಚೆಂಡನ್ನು ಪೂರ್ತಿಯಾಗಿ ಕೊಟ್ಟುಬಿಡುವುದು ಮತ್ತೊಂದು. ದೊಡ್ಡವರಿಗೆ ಈ ವ್ಯತ್ಯಾಸ ಹೇಳಬೇಕಾಗಿಲ್ಲ. "ಸಂಜಿಗೆ ಕೊಡ್ತಾನ", "ನಾಳೆ ತರ್ತಾನ" ಎಂಬ ಮಾತಿನಿಂದ ನಮಗೆ ಸಮಾಧಾನವಾಗುತ್ತದೆ. ಎರಡೂವರೆ ವರ್ಷದ ಮಗುವಿಗೆ ಸಂಜೆ, ನಾಳೆ ಎಂಬವು ಇನ್ನೂ ಕೈಗೆ ಸಿಕ್ಕದ ಮಾತುಗಳು, ಹಾಗಾಗಿ ಕಣ್ಣೆದುರಿನಿಂದ ಹೋದದ್ದು ಹೋಯಿತು ಎಂದೇ ಅದರ ಲೆಕ್ಕ. ನಾಳೆಯೆಂಬುದು ಇನ್ನೂ ತಿಳಿಯದ ಜೀವಕ್ಕೆ ನಾಳೆಯ ಭರವಸೆ ಕೊಟ್ಟು ಇವತ್ತಿನ ವಸ್ತುವನ್ನು ಕೇಳುತ್ತೇವೆ, ಅದು ಅತ್ತರೆ ಹಟವೆನ್ನುತ್ತೇವೆ.

ಆ ಮಗುವಿನ ಅನುಮಾನಕ್ಕೆ ಆಧಾರವನ್ನು ಎಷ್ಟೋ ಸಲ ನಾವೇ ಒದಗಿಸುತ್ತೇವೆ ಎಂಬುದು ನನ್ನ ಮುಖ್ಯ ತಕರಾರು. ನಮ್ಮ ಕಡೆ ಬೀಗರು ಬಂದು ಹೊರಟು ನಿಂತಾಗ, ಅವರ ಮಗು ನಮ್ಮ ಮಗುವಿನ ಆಟಿಕೆಯನ್ನು ಬಿಡದೆ ಹಿಡಿದುಕೊಂಡಿದ್ದರೆ, ಮನೆಯ ಹಿರಿಯರ ಬಾಯಿಂದ ತಾನಾಗಿ ಬರುವ ಮಾತು ಒಂದೇ: "ಒಯ್ಯಲಿ ಬಿಡು, ನಿಂಗ ಬ್ಯಾರೆದು ತರೂಣಂತ." ಬೀಗರ ಮುಂದೆ ಮನೆತನದ ದೊಡ್ಡಸ್ತಿಕೆ ಉಳಿಯುತ್ತದೆ, ಬೆಲೆ ಮಾತ್ರ ಮೂರು ವರ್ಷದವನ ಕಿಸೆಯಿಂದ ಹೋಗುತ್ತದೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಮೈದುನನ ಮಗನ ಹಳದಿ ಬಣ್ಣದ ಜೆಸಿಬಿ ಆಟಿಕೆ ಹೋದದ್ದು ಹೀಗೆಯೇ. ಬೇರೆಯದು ಬಂದಿತು, ಆದರೆ ಅದು ಬರುವ ಹೊತ್ತಿಗೆ ಹುಡುಗ ತನ್ನ ಪಾಠ ಕಲಿತಾಗಿತ್ತು. ಈಗ ಗೇಟಿನ ಮುಂದೆ ಆಟೋ ನಿಂತ ಸಪ್ಪಳ ಕೇಳಿದರೆ ಸಾಕು, ಯಾರು ಬಂದರೆಂದು ನೋಡುವ ಮೊದಲೇ ಅವನು ತನ್ನ ಗಾಡಿಗಳನ್ನು ಒಂದೊಂದಾಗಿ ಒಯ್ದು ಮಂಚದ ಮೇಲಿನ ಕೌದಿಯ ಕೆಳಗೆ ತುರುಕುತ್ತಾನೆ, ಕೌದಿ ಉಬ್ಬಿದ್ದು ಕಾಣಬಾರದೆಂದು ಅದರ ಮೇಲೆ ತಾನೇ ಕುಳಿತುಬಿಡುತ್ತಾನೆ. ಬಂದವರು ಇದನ್ನು ನೋಡಿ ನಕ್ಕು ಅವನನ್ನು ಜುಗ್ಗನೆನ್ನುತ್ತಾರೆ. ಅವನು ಮಾಡುತ್ತಿರುವುದು ಅನುಭವದಿಂದ ಬಂದ ಮುನ್ನೆಚ್ಚರಿಕೆ.

ಒತ್ತಾಯದಿಂದ ಕೊಡಿಸಿದ್ದಕ್ಕೂ ಮಗು ತಾನಾಗಿ ಕೊಟ್ಟದ್ದಕ್ಕೂ ಇರುವ ಅಂತರವನ್ನು ಅಮೆರಿಕದ ನಾಡಿಯಾ ಚೆರ್ನ್ಯಾಕ್ ಮತ್ತು ತಮಾರ್ ಕುಶ್ನಿರ್ ಅವರು 2013ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳವಾಗಿ ತೋರಿಸುತ್ತದೆ. ಶಾಲೆಗೆ ಸೇರುವ ಮೊದಲಿನ ವಯಸ್ಸಿನ ಮಕ್ಕಳಿಗೆ ದುಃಖದಲ್ಲಿರುವ ಒಂದು ನಾಯಿಯ ಗೊಂಬೆಯನ್ನು ಪರಿಚಯಿಸಿ, ಕೈಗೆ ಒಂದು ಸ್ಟಿಕ್ಕರ್ ಕೊಡಲಾಯಿತು. ಕೆಲವು ಮಕ್ಕಳಿಗೆ ಅದನ್ನು ನಾಯಿಗೆ ಕೊಡಲೇಬೇಕೆಂದು ಹೇಳಲಾಯಿತು. ಇನ್ನು ಕೆಲವರಿಗೆ, ಬೇಕಾದರೆ ನೀನೇ ಇಟ್ಟುಕೊ, ಬೇಕಾದರೆ ನಾಯಿಗೆ ಕೊಡು ಎಂದು ಆಯ್ಕೆಯನ್ನು ಅವರಿಗೇ ಬಿಡಲಾಯಿತು. ಅಸಲು ಪರೀಕ್ಷೆ ಇದಾದ ನಂತರದ್ದು: ಇನ್ನೊಂದು ಗೊಂಬೆ ಬರುತ್ತದೆ, ಮಗುವಿನ ಕೈಯಲ್ಲಿ ಈಗ ಇನ್ನಷ್ಟು ಸ್ಟಿಕ್ಕರುಗಳಿವೆ, ಎಷ್ಟು ಕೊಡಬೇಕೆಂಬುದು ಸಂಪೂರ್ಣವಾಗಿ ಮಗುವಿಗೆ ಬಿಟ್ಟದ್ದು. ಮೊದಲ ಸಲ ತನ್ನದನ್ನು ಬಿಟ್ಟುಕೊಡುವ ನಿಜವಾದ ಆಯ್ಕೆ ಸಿಕ್ಕಿದ್ದ ಮಕ್ಕಳು, ಹೇಳಿಸಿಕೊಂಡು ಕೊಟ್ಟ ಮಕ್ಕಳಿಗಿಂತ ಎರಡನೆಯ ಸಲ ಹೆಚ್ಚು ಸ್ಟಿಕ್ಕರುಗಳನ್ನು ಕೊಟ್ಟರು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಸ್ಟಿಕ್ಕರನ್ನು ನಾಯಿಗೆ ಕೊಡು ಇಲ್ಲವೇ ತೆಗೆದಿಟ್ಟುಬಿಡು ಎಂಬಂಥ, ಮಗುವಿಗೆ ಏನೂ ನಷ್ಟವಾಗದ ಆಯ್ಕೆಯಿಂದ ಇಂತಹ ಪರಿಣಾಮ ಆಗಲಿಲ್ಲ. ಇಟ್ಟುಕೊಳ್ಳಬಹುದಾಗಿತ್ತು, ಆದರೂ ಕೊಟ್ಟೆ ಎಂಬ ಅನುಭವದಿಂದ ಮಗು ತನ್ನ ಬಗ್ಗೆ ಏನನ್ನೋ ತಿಳಿದುಕೊಳ್ಳುತ್ತದೆ, ತಾನು ಕೊಡುವವನು ಎಂದುಕೊಳ್ಳುತ್ತದೆ. ನಾವು ಕಸಿದು ಕೊಟ್ಟಾಗ ಆ ಅವಕಾಶವನ್ನೂ ಕಸಿದಿರುತ್ತೇವೆ.

ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಶುರುವಾಯಿತು. ನೆಂಟರು ಬರುವುದು ಮೊದಲೇ ಗೊತ್ತಿದ್ದರೆ, ಹುಡುಗನನ್ನು ಕೂರಿಸಿಕೊಂಡು "ಯಾವ್ಯಾವು ಮ್ಯಾಲ ಇಡೂಣು, ಯಾವ್ಯಾವು ಕೆಳಗ ಬಿಡೂಣು?" ಎಂದು ಕೇಳುತ್ತೇವೆ. ಅವನು ಬೇಡವೆಂದದ್ದು ಅಲಮಾರಿಯ ಮೇಲೆ ಹೋಗುತ್ತದೆ, ಅದನ್ನು ಬಂದ ಮಕ್ಕಳ್ಯಾರೂ ಮುಟ್ಟುವಂತಿಲ್ಲ, ಅವರು ಎಷ್ಟೇ ಅತ್ತರೂ ಹಿರಿಯರು ಇಳಿಸಿ ಕೊಡುವಂತಿಲ್ಲ. ಕೆಳಗೆ ಉಳಿದದ್ದು ಎಲ್ಲರದು. ಎಲ್ಲವನ್ನೂ ಮೇಲೇರಿಸುತ್ತಾನೆಂದು ಮನೆಯವರು ಭಾವಿಸಿದ್ದರು. ಅವನು ಮೇಲೇರಿಸುವುದು ಹೊಸ ಜೆಸಿಬಿ ಮತ್ತು ಕಿವಿ ಹರಿದ ಒಂದು ಆನೆಯ ಗೊಂಬೆಯನ್ನು ಮಾತ್ರ. ಕೌದಿಯ ಕಾವಲು ಪೂರ್ತಿ ನಿಂತಿಲ್ಲವಾದರೂ, ಹೇಳದೆ ಬಂದವರ ಮಟ್ಟಿಗಷ್ಟೇ ಉಳಿದಿದೆ.

ಇಲ್ಲಿ ವಯಸ್ಸಿನ ಮಾತನ್ನೂ ಹೇಳಬೇಕು, ಏಕೆಂದರೆ ತಿಳಿವಳಿಕೆ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಓದಿದ ತಾಯಂದಿರಲ್ಲಿ ಬಹಳ ಗಟ್ಟಿಯಾಗಿದೆ. ಮೂರು ವರ್ಷದ ಮಗುವಿಗೆ ಸಮನಾಗಿ ಹಂಚಬೇಕೆಂಬುದು ಗೊತ್ತಿರುತ್ತದೆ. ಸ್ಮಿತ್, ಬ್ಲೇಕ್ ಮತ್ತು ಹ್ಯಾರಿಸ್ ಎಂಬ ಮೂವರು 2013ರಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳನ್ನು ಕೇಳಿದಾಗ, ಸಣ್ಣವರೂ ದೊಡ್ಡವರೂ ಸಮಪಾಲೇ ಸರಿಯೆಂದರು. ಕೈಗೆ ಸ್ಟಿಕ್ಕರು ಬಂದಾಗ ಮಾತ್ರ ಸಣ್ಣವರು ತಮಗೇ ಹೆಚ್ಚು ಇಟ್ಟುಕೊಂಡರು. ಇನ್ನೂ ಸೋಜಿಗದ ಸಂಗತಿಯೆಂದರೆ, ತಾವು ಹೀಗೆಯೇ ಮಾಡುವೆವೆಂದು ಅವರು ಮೊದಲೇ ಸರಿಯಾಗಿ ಹೇಳಿದ್ದರು. ಅಂದರೆ ಕೊರತೆ ನೀತಿಯ ತಿಳಿವಳಿಕೆಯದಲ್ಲ. ಸ್ವಿಟ್ಜರ್ಲೆಂಡಿನ ಅರ್ನ್‌ಸ್ಟ್ ಫೆರ್ ಮತ್ತು ಸಂಗಡಿಗರು 229 ಮಕ್ಕಳಿಗೆ ಮಿಠಾಯಿ ಹಂಚಲು ಕೊಟ್ಟು ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡನ್ನೂ ತಾನೇ ಇಟ್ಟುಕೊಳ್ಳುವ ಬದಲು ಒಂದನ್ನು ಬಿಟ್ಟುಕೊಟ್ಟವರು ಮೂರು-ನಾಲ್ಕು ವರ್ಷದವರಲ್ಲಿ ನೂರಕ್ಕೆ ಸುಮಾರು 9 ಮಂದಿ, ಏಳು-ಎಂಟು ವರ್ಷದವರಲ್ಲಿ ಸುಮಾರು 45 ಮಂದಿ. ಕಂಡ ಕೂಡಲೇ ಬೇಕೆನ್ನುವ ಆಸೆಯನ್ನು ತಡೆದು ಹಿಡಿಯುವ ಶಕ್ತಿ ಮಿದುಳಿನಲ್ಲಿ ನಿಧಾನವಾಗಿ ಬಲಿಯುತ್ತದೆ, ಅದಕ್ಕೆ ವರ್ಷಗಳು ಬೇಕು. ಹಸಿದ, ನಿದ್ದೆಗೆಟ್ಟ ಮಗುವಿನಲ್ಲಿ ಇರುವಷ್ಟು ಶಕ್ತಿಯೂ ಉಳಿದಿರುವುದಿಲ್ಲವೆಂಬುದು ಮೇ ತಿಂಗಳಿನ ಕಲಬುರಗಿಯಲ್ಲಿ, ಕರೆಂಟ್ ಹೋಗಿ ಕೂಲರ್ ನಿಂತ ಮಧ್ಯಾಹ್ನಗಳಲ್ಲಿ, ಯಾವ ತಾಯಿಗೂ ಹೇಳಿಕೊಡಬೇಕಾದ ವಿಷಯವಲ್ಲ.

ಎಣಿಕೆಗೂ ಇದರಲ್ಲಿ ಪಾಲಿದೆ. ಎಣಿಸಲು ಚೆನ್ನಾಗಿ ಬರುವ ಮಕ್ಕಳು ಸಮನಾಗಿ ಹಂಚುವುದರಲ್ಲಿ ಮುಂದಿರುತ್ತಾರೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಎಣಿಕೆ ಬಾರದ ಮಕ್ಕಳ ಉಪಾಯ ನಮಗೆಲ್ಲ ಗೊತ್ತಿರುವಂಥದ್ದೇ. ನಾಲ್ಕು ವರ್ಷದ ನನ್ನ ಮಗಳಿಗೆ ತಟ್ಟೆಯ ತುಂಬ ಫುಟಾಣಿ ಕೊಟ್ಟು ತಮ್ಮನ ಜೊತೆ ಹಂಚಿಕೊ ಎಂದರೆ, "ನಂಗೊಂದು, ನಿಂಗೊಂದು" ಎಂದು ಒಂದೊಂದೇ ಕಾಳನ್ನು ಎರಡೂ ಕಡೆ ಇಡುತ್ತಾಳೆ. ನಡುವೆ ಯಾರಾದರೂ ಮಾತಾಡಿಸಿದರೆ ಎಲ್ಲಿಗೆ ನಿಲ್ಲಿಸಿದ್ದೆನೆಂಬುದು ಮರೆಯುತ್ತದೆ, ಮತ್ತೆ "ನಂಗೊಂದು" ಎಂದೇ ಶುರು ಮಾಡುತ್ತಾಳೆ. ಹೀಗೆ ಅವಳ ಪಾಲಿಗೆ ಹೆಚ್ಚು ಬಿದ್ದ ಕಾಳುಗಳನ್ನು ಮೋಸವೆಂದು ಕರೆಯಲು ನನಗೆ ಮನಸ್ಸಿಲ್ಲ.

ಈ ಎಲ್ಲ ಅಧ್ಯಯನಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು, ಜರ್ಮನಿಯ ಲೈಪ್ಜಿಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕಥರೀನಾ ಹಾಮಾನ್, ಮೈಕಲ್ ಟೊಮಸೆಲ್ಲೊ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ್ದು. ಮೂರು ವರ್ಷದ ಮಕ್ಕಳನ್ನು ಜೋಡಿಯಾಗಿ ಒಂದು ಹಲಗೆಯ ಮುಂದೆ ನಿಲ್ಲಿಸಿದರು. ಹಲಗೆಗೆ ಕಟ್ಟಿದ ಹಗ್ಗದ ಎರಡು ತುದಿಗಳನ್ನು ಇಬ್ಬರೂ ಒಟ್ಟಿಗೆ ಎಳೆದರೆ ಮಾತ್ರ ಬಹುಮಾನಗಳು ಹತ್ತಿರ ಬರುತ್ತವೆ, ಆದರೆ ಕೊನೆಗೆ ಒಬ್ಬರ ಕಡೆಗೆ ಮೂರು, ಇನ್ನೊಬ್ಬರ ಕಡೆಗೆ ಒಂದೇ ಬರುವಂತೆ ಏರ್ಪಾಡಾಗಿರುತ್ತದೆ. ಹೀಗೆ ಕೂಡಿ ದುಡಿದಾಗ, ಮೂರು ಸಿಕ್ಕ ಮಗು ಒಂದನ್ನು ಜೊತೆಗಾರನಿಗೆ ಕೊಟ್ಟು ಇಬ್ಬರಿಗೂ ಎರಡೆರಡಾಗುವಂತೆ ಮಾಡುವುದು ಹೆಚ್ಚಾಗಿ ಕಂಡುಬಂದಿತು. ಅದೇ ಬಹುಮಾನಗಳು ದುಡಿಮೆಯಿಲ್ಲದೆ ಸುಮ್ಮನೆ ಸಿಕ್ಕಾಗ, ಅಥವಾ ಇಬ್ಬರೂ ತಂತಮ್ಮ ಹಗ್ಗವನ್ನು ಬೇರೆ ಬೇರೆಯಾಗಿ ಎಳೆದಾಗ, ಹೀಗೆ ಸರಿದೂಗಿಸುವುದು ಕಡಿಮೆಯಾಯಿತು. ಚಿಂಪಾಂಜಿಗಳಲ್ಲಿ ಕೂಡಿ ದುಡಿದದ್ದಕ್ಕೂ ಹಾಗೆಯೇ ಸಿಕ್ಕಿದ್ದಕ್ಕೂ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಹೋದವರು ಇದನ್ನು ಕಣ್ಣಾರೆ ನೋಡಿರುತ್ತಾರೆ. ಹಿರಿಯರು ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿಯ ಊಟ ಮುಗಿಸಿ ಬನ್ನಿ ಗಿಡದ ನೆರಳಿಗೆ ಒರಗಿದ ಹೊತ್ತಿನಲ್ಲಿ ಮಕ್ಕಳು ಕಡಲೆಯ ಸಾಲಿಗಿಳಿಯುತ್ತಾರೆ. ಈ ಸಲ ನಮ್ಮ ಮನೆಯ ಮಕ್ಕಳಲ್ಲಿ ದೊಡ್ಡವರು ಗಿಡ ಕಿತ್ತರು, ಸಣ್ಣವರು ಅದನ್ನು ಹೊತ್ತು ತಂದರು, ಎಲ್ಲರೂ ಒಂದು ಟವೆಲ್ಲಿನ ಸುತ್ತ ಕುಳಿತು ಹಸಿ ಕಾಯಿ ಬಿಡಿಸಿ ನಡುವೆ ಗುಡ್ಡೆ ಹಾಕಿದರು. ಎಲೆಯ ಹುಳಿಗೆ ಬೆರಳು ಉರಿಯುತ್ತಿದ್ದರೂ ಯಾರೂ ಎದ್ದು ಹೋಗಲಿಲ್ಲ. ಹಂಚುವ ಹೊತ್ತಿಗೆ, ಕಾಯಿ ಬಿಡಿಸಲು ಬಾರದೆ ಬರೀ ಗಿಡ ಹೊತ್ತು ತಂದವನ ಪಾಲು ಕಡಿಮೆಯಾಯಿತೆಂದು ಹೇಳಿ ತನ್ನ ಪಾಲಿನಿಂದ ಒಂದು ಹಿಡಿ ತೆಗೆದು ಅವನ ಅಂಗಿಯ ಮಡಿಲಿಗೆ ಹಾಕಿದವಳು, ಮನೆಯಲ್ಲಿ ತನ್ನ ಬಣ್ಣದ ಪೆನ್ಸಿಲುಗಳನ್ನು ಯಾರಿಗೂ ಮುಟ್ಟಗೊಡದ ನನ್ನ ಮಗಳೇ. ಸಂಜೆ ಊರಿಗೆ ಮರಳುವಾಗ ಜೀಪಿನಲ್ಲಿ ಒಬ್ಬ ಮಾವ ತಂದುಕೊಟ್ಟ ಚಿಪ್ಸ್ ಪ್ಯಾಕೆಟ್ಟಿಗೆ ಇದೇ ಮಕ್ಕಳು ಕೂದಲು ಹಿಡಿದು ಜಗಳಾಡಿದರು. ಮಕ್ಕಳು ಬದಲಾಗಿರಲಿಲ್ಲ, ಚಿಪ್ಸ್ ಹಾಗೆಯೇ ಬಂದಿತ್ತು, ಕಡಲೆಗಾಗಿ ಎಲ್ಲರ ಬೆರಳೂ ಉರಿದಿತ್ತು. ಮಕ್ಕಳಿಗೆ ಹಂಚಿಕೊಳ್ಳುವುದನ್ನು ಕಲಿಸಬೇಕೆಂದು ತಿಂಡಿಯ ಪೊಟ್ಟಣ ತಂದುಕೊಟ್ಟು ಪರೀಕ್ಷೆ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಪೊಟ್ಟಣದ ಬದಲು ಅವರೆಕಾಯಿಯನ್ನೋ ಶೇಂಗಾವನ್ನೋ ಮುಂದೆ ಸುರಿದು ಎಲ್ಲರಿಂದಲೂ ಸುಲಿಸಿ ನೋಡಿರಿ.

ಎದುರಿನವರಿಗೆ ಬೇಕಾಗಿದೆ ಎಂಬುದು ಮಗುವಿಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆಯೂ ಉಳಿಯುತ್ತದೆ. ಪಕ್ಕದ ಮಗು ಬಾಯಿ ನೀರೂರಿಸಿಕೊಂಡು ನೋಡುತ್ತಿರುವುದು ನಮಗೆ ಕಾಣುತ್ತದೆ, ಎರಡು ವರ್ಷದ ಮಗುವಿಗೆ ಅದು ಕಾಣದೆ ಹೋಗಬಹುದು. ಸೀಲಿಯಾ ಬ್ರೌನೆಲ್ ಮತ್ತು ಸಹೋದ್ಯೋಗಿಗಳು 2009ರ ಅಧ್ಯಯನದಲ್ಲಿ, ತನಗೇನೂ ಕಡಿಮೆಯಾಗದಂತೆ ಎದುರಿನವರಿಗೂ ತಿಂಡಿ ಸಿಗುವಂತೆ ಮಾಡುವ ಅವಕಾಶವನ್ನು ಪುಟ್ಟ ಮಕ್ಕಳಿಗೆ ಕೊಟ್ಟರು. ಎದುರಿನವರು ತಮಗೆ ಬೇಕೆಂದು ಬಾಯಿಬಿಟ್ಟು ಹೇಳಿದಾಗ 25 ತಿಂಗಳ ಮಕ್ಕಳು ಅದಕ್ಕೆ ಸ್ಪಂದಿಸಿದರು, ಸುಮ್ಮನಿದ್ದಾಗ ಇಲ್ಲ. 18 ತಿಂಗಳ ಮಕ್ಕಳಿಗೆ ಹೇಳಿದರೂ ಅದು ಆಗಲಿಲ್ಲ. ಅದೇ ತಂಡ 2013ರಲ್ಲಿ ಪ್ರಕಟಿಸಿದ ಇನ್ನೊಂದು ಕೆಲಸ ತಾಯ್ತಂದೆಯರ ಮಾತಿನ ಬಗೆಗಿನದು: ಚಿತ್ರದ ಪುಸ್ತಕ ತೋರಿಸುವಾಗ ಚಿತ್ರದಲ್ಲಿರುವವರಿಗೆ ಏನನಿಸುತ್ತಿದೆ, ಏಕೆ ಎಂದು ಮಗುವಿನಿಂದಲೇ ಹೇಳಿಸುತ್ತಿದ್ದವರ ಮಕ್ಕಳು ಬೇಗ ಮತ್ತು ಹೆಚ್ಚಾಗಿ ಹಂಚಿಕೊಳ್ಳುತ್ತಿದ್ದರು. "ನೋಡು, ಅಕ್ಕ ಅಳ್ಲತ್ತಾಳ" ಎಂದು ನಾವೇ ಹೇಳಿ ಮುಗಿಸುವುದು ಸುಲಭ; "ಅಕ್ಕಗ ಏನಾಗ್ಯಾದ? ಯಾಕ ಅಳ್ಲತ್ತಾಳ?" ಎಂದು ಕೇಳಿ ಉತ್ತರಕ್ಕೆ ಕಾಯುವುದಕ್ಕೆ ತಾಳ್ಮೆ ಬೇಕು, ರೊಟ್ಟಿ ಬಡಿಯುತ್ತಿರುವ ಕೈಗೆ ಆ ತಾಳ್ಮೆ ಎಲ್ಲ ದಿನವೂ ಇರುವುದಿಲ್ಲ.

ಆಸೆ ತೋರಿಸಿ ಕೊಡಿಸುವ ವಿಧಾನದ ಬಗ್ಗೆ ಒಂದೆರಡು ಮಾತು ಸಾಕು. "ತಮ್ಮಗ ಕೊಟ್ರ ಚಾಕ್ಲೇಟ್ ಕೊಡಸ್ತೀನಿ" ಎಂಬ ವ್ಯಾಪಾರದಿಂದ ಆ ಹೊತ್ತಿನ ಜಗಳ ನಿಲ್ಲುತ್ತದೆ, ಆದರೆ ಹಂಚಿದ್ದಕ್ಕೆ ವಸ್ತುರೂಪದ ಬಹುಮಾನ ಪಡೆದ ಮೂರು ವರ್ಷದ ಮಕ್ಕಳು, ಬಹುಮಾನ ನಿಂತ ಮೇಲೆ ಉಳಿದವರಿಗಿಂತ ಕಡಿಮೆ ಹಂಚಿದರೆಂದು 2016ರಲ್ಲಿ ಉಲ್ಬರ್, ಹಾಮಾನ್ ಮತ್ತು ಟೊಮಸೆಲ್ಲೊ ವರದಿ ಮಾಡಿದ್ದಾರೆ. ಇನ್ನು ಜನರ ಕಣ್ಣಿನ ಪ್ರಭಾವ. ಐದು ವರ್ಷದ ಹೊತ್ತಿಗೆ, ಪಡೆಯುವವರಿಗೆ ತಾನು ಕೊಡುವುದು ಕಾಣುತ್ತಿದ್ದರೆ ಮಗುವಿನ ಕೈ ಸಡಿಲವಾಗುತ್ತದೆ, ಕಾಣದಿದ್ದರೆ ಬಿಗಿಯಾಗುತ್ತದೆ ಎಂದು 2012ರ ಒಂದು ಅಧ್ಯಯನ ಹೇಳುತ್ತದೆ. ನೆಂಟರೆದುರು "ಭಾಳ ಶ್ಯಾಣ್ಯಾ ಅದಾನ" ಎನಿಸಿಕೊಂಡು ಹಂಚಿದ ಹುಡುಗ, ಅವರು ಎದ್ದುಹೋದ ಕೂಡಲೇ ತಮ್ಮನ ಕೈಯಿಂದ ಅದನ್ನೇ ಕಿತ್ತುಕೊಳ್ಳುವುದನ್ನು ನೋಡಿದವರಿಗೆ ಇದು ಹೊಸದೆನಿಸದು. ದೊಡ್ಡವರ ದಾನದಲ್ಲಿಯೂ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಆಸೆ ಇರುವುದರಿಂದ ಮಕ್ಕಳನ್ನು ಮಾತ್ರ ದೂರುವುದು ತರವಲ್ಲ.

ಯಾರಿಗೆ ಕೊಡುವುದು ಎಂಬುದರ ಮೇಲೂ ಬಹಳಷ್ಟು ನಿಂತಿದೆ. ಮೇಲೆ ಹೇಳಿದ ಸ್ವಿಟ್ಜರ್ಲೆಂಡಿನ ಮಕ್ಕಳು ತಮ್ಮದೇ ಶಾಲೆಯವರಿಗೆ ಕೊಡುವಾಗ ತೋರಿಸಿದ ಔದಾರ್ಯವನ್ನು ಬೇರೆ ಶಾಲೆಯವರಿಗೆ ಅಷ್ಟಾಗಿ ತೋರಿಸಲಿಲ್ಲ, ನಮ್ಮವರು ಎಂಬ ಭಾವ ವಯಸ್ಸಿನೊಂದಿಗೆ ಬಲಿಯುತ್ತ ಹೋಗುವುದೂ ಅಲ್ಲಿ ಕಂಡಿತು. ನಾಡಿನಿಂದ ನಾಡಿಗೂ ವ್ಯತ್ಯಾಸವಿದೆ. ಭಾರತವೂ ಸೇರಿ ಏಳು ಸಮಾಜಗಳ, 4ರಿಂದ 15 ವರ್ಷದ ಮಕ್ಕಳ ಜೋಡಿಗಳನ್ನು ಎದುರುಬದುರು ಕೂರಿಸಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಮಿಠಾಯಿಯ ಹಂಚಿಕೆಯನ್ನು ಒಬ್ಬ ಮಗು ಒಪ್ಪಬಹುದು, ಇಲ್ಲವೇ ತಿರಸ್ಕರಿಸಬಹುದು; ತಿರಸ್ಕರಿಸಿದರೆ ಇಬ್ಬರಿಗೂ ಇಲ್ಲ. ಎದುರಿನವನಿಗೆ ಹೆಚ್ಚು, ತನಗೆ ಕಡಿಮೆ ಎಂದಾದಾಗ ತಿರಸ್ಕರಿಸುವುದು ಏಳೂ ಕಡೆ ಕಂಡಿತು. ತನಗೇ ಹೆಚ್ಚು ಬಂದಾಗಲೂ ಅದು ಅನ್ಯಾಯವೆಂದು ತಿರಸ್ಕರಿಸಿದ್ದು ಅಮೆರಿಕ, ಕೆನಡಾ, ಉಗಾಂಡಾಗಳ ದೊಡ್ಡ ಮಕ್ಕಳು ಮಾತ್ರ. ಹಾಗಾದರೆ ನಮ್ಮ ಮಕ್ಕಳಿಗೆ ನ್ಯಾಯಪ್ರಜ್ಞೆ ಕಡಿಮೆಯೇ? ಅಷ್ಟು ಬೇಗ ಆ ತೀರ್ಮಾನಕ್ಕೆ ಬರಲು ನಾನು ಸಿದ್ಧಳಿಲ್ಲ. ತಟ್ಟೆಯಲ್ಲಿ ಅಗುಳು ಬಿಟ್ಟರೆ ಬೈಸಿಕೊಳ್ಳುವ ಮನೆಗಳಲ್ಲಿ ಬೆಳೆದ ಮಗುವಿಗೆ, ತಿನ್ನುವ ಪದಾರ್ಥವನ್ನು ಯಾರಿಗೂ ಇಲ್ಲದಂತೆ ಮಾಡುವುದೇ ದೊಡ್ಡ ತಪ್ಪಾಗಿ ಕಂಡಿರಬಹುದು. ಇದು ನನ್ನ ಊಹೆ ಮಾತ್ರ.

ಆರು ಸಮಾಜಗಳ ಮಕ್ಕಳನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ತನಗೆ ನಷ್ಟವಾಗುವಂಥ ಕೊಡುಗೆಯ ವಿಷಯದಲ್ಲಿ ಎಲ್ಲ ಕಡೆಯ ಪುಟ್ಟ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತಾರೆ, ಮುಂದೆ ಬಾಲ್ಯದ ನಡುಭಾಗದಲ್ಲಿ ತಮ್ಮ ತಮ್ಮ ಸಮಾಜದ ಹಿರಿಯರ ನಡೆಗೆ ಹತ್ತಿರವಾಗುತ್ತ ಹೋಗುತ್ತಾರೆ. ಹಿರಿಯರು ಕೊಡುವುದನ್ನು ನೋಡಿ ಕಲಿಯಲು ನಮ್ಮ ಊರಿನ ಮಕ್ಕಳಿಗೆ ಕೊರತೆಯಿಲ್ಲ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ (1746–1822) ಊರಿದು. ಹೋಳಿಯ ನಂತರದ ಜಾತ್ರೆಯಿಂದ ತಂದ ಬೆಂಡು-ಬತ್ತಾಸಿನ ಫಳಾರ ಓಣಿಯ ಮನೆಮನೆಗೂ ಹೋಗುತ್ತದೆ. ಖ್ವಾಜಾ ಬಂದೇ ನವಾಜ್ ದರ್ಗಾದ ಉರುಸಿನ ಸಿಹಿ ಜಾತಿ ಕೇಳದೆ ಕೈಗೆ ಬರುತ್ತದೆ. ದಸರೆಯಲ್ಲಿ ಬನ್ನಿ ಹಿಡಿದು ಮನೆಮನೆಗೆ ಹೋಗುವ ಮಗು, ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ನಮಸ್ಕರಿಸಿ, ಅವರ ಕೈಯ ಎಲೆಯನ್ನೂ ಪಡೆದು ಬರುತ್ತದೆ. ಫಳಾರದ ತಟ್ಟೆಗಳನ್ನು ನಾವೇ ಹೊತ್ತು ಹೋಗುವ ಬದಲು ಮಕ್ಕಳ ಕೈಯಲ್ಲಿ ಕಳಿಸಿದರೆ ಒಳ್ಳೆಯದು. ದಾರಿಯಲ್ಲಿ ಒಂದೆರಡು ಬತ್ತಾಸು ಕಡಿಮೆಯಾದರೂ ಕೊಡುವ ಕೈ ಅವರದಾಗುತ್ತದೆ.

ನಮ್ಮ ಅತ್ತೆಯವರಿಗೆ, ಅಂದರೆ ಮಕ್ಕಳ ಆಯಿಗೆ, ನನ್ನ ಈ ವಿಚಾರಗಳಲ್ಲಿ ಅರ್ಧ ಮಾತ್ರ ಒಪ್ಪಿಗೆ. "ಈಗಿಂದ ನಂದು ನಿಂದು ಅಂತ ಕಲಿಸಿದ್ರ, ನಾಳೆ ದೊಡ್ಡವರಾಗಿ ಹೊಲದ ಬದುವಿಗೆ ಬಡದಾಡ್ತಾರವಾ" ಎಂಬುದು ಅವರ ವಾದ. ಬದುವಿನ ಜಗಳದಲ್ಲಿ ಒಡೆದ ಮನೆಗಳನ್ನು ಅವರು ಹತ್ತಿರದಿಂದ ಕಂಡವರಾದ್ದರಿಂದ ಆ ಹೆದರಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಅವರದೂ ಒಂದು ಟ್ರಂಕ್ ಇದೆ, ಅದರ ಕೀಲಿ ಅವರ ಸೊಂಟದಲ್ಲಿಯೇ ಇರುತ್ತದೆ, ಕೇಳದೆ ಅದನ್ನು ಯಾರೂ ತೆರೆಯುವುದಿಲ್ಲ, ಮತ್ತು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಡುವವರೂ ಅವರೇ ಎಂಬುದನ್ನು ನಾನು ನೆನಪಿಸಿದೆ. ಅವರು ನಕ್ಕರು, ಸೋಲನ್ನು ಒಪ್ಪಲಿಲ್ಲ. ಸದ್ಯಕ್ಕೆ ಒಂದು ಒಪ್ಪಂದವಾಗಿದೆ: ತಿನ್ನುವುದರಲ್ಲಿ ಅವರ ಮಾತು ನಡೆಯುತ್ತದೆ, ಇನ್ನೊಂದು ಮಗು ಎದುರಿಗೆ ಕುಳಿತಿರುವಾಗ ಯಾವ ಮಗುವೂ ಒಬ್ಬನೇ ತಿನ್ನುವಂತಿಲ್ಲ, ಇಬ್ಬರಿಗೂ ಸಾಲದಿದ್ದರೆ ಡಬ್ಬಿಯೇ ತೆರೆಯುವುದಿಲ್ಲ. ಆಟಿಕೆಗಳಲ್ಲಿ ನನ್ನ ಮಾತು ನಡೆಯುತ್ತದೆ, ಮೇಲಿಟ್ಟದ್ದನ್ನು ಆಯಿಯೂ ಇಳಿಸುವಂತಿಲ್ಲ. ಮೈದುನ ಮೊನ್ನೆ ಮಗನಿಗೆ ಕೊಡಿಸಿದ ಮೂರು ಗಾಲಿಯ ಸೈಕಲ್ ಮಾತ್ರ ಈ ಒಪ್ಪಂದದೊಳಗೆ ಇನ್ನೂ ಬಂದಿಲ್ಲ. ಅದು ಅಲಮಾರಿಯ ಮೇಲೆ ಹಿಡಿಸುವುದಿಲ್ಲ, ಮತ್ತು ಆಳಂದದ ಮಕ್ಕಳು ಬರುವ ಶನಿವಾರ ಬರುತ್ತಿದ್ದಾರೆ.